ರೇಷನ್ ಕಾರ್ಡಿಗೆ ಕಾಗದ ಹೊಂದಿಸುವ ಮುನ್ನ ಹೆಸರು ಹೊಂದಿಸಿ

ಆರೋಗ್ಯದ ಪುಟದಲ್ಲಿ ರೇಷನ್ ಕಾರ್ಡಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ಹೋಗಿ ಬಂದವರಿಗೆ ಹಾಗೆ ಅನ್ನಿಸುವುದಿಲ್ಲ. ‘ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ವೆಚ್ಚದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ಮೀರದಂತೆ, ಸರ್ಕಾರ ಭರಿಸುತ್ತದೆ. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂಬುದು ತೀರ್ಮಾನವಾಗುವುದು ರೇಷನ್ ಕಾರ್ಡ್ ನೋಡಿ. ಹೃದಯದ ತೊಂದರೆಯೋ ಕಿಡ್ನಿಯ ತೊಂದರೆಯೋ ಬಂದ ದಿನ ಕಾರ್ಡಿಗಾಗಿ ಓಡಾಡುವುದೆಂದರೆ ರೋಗಿಯನ್ನು ಮಂಚದ ಮೇಲೆ ಬಿಟ್ಟು ಕಚೇರಿ ಸುತ್ತಿದಂತೆ. ಎಲ್ಲರೂ ಆರೋಗ್ಯವಾಗಿರುವಾಗಲೇ ಮಾಡಿ ಮುಗಿಸಬೇಕಾದ ಕೆಲಸವಿದು.

ಇನ್ನು ಅನ್ನದ ಮಾತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೋ. ನಾವು ಬಿಪಿಎಲ್ ಎನ್ನುವುದು ಈ ಆದ್ಯತಾ ಕಾರ್ಡನ್ನೇ. ಅದರ ಮೇಲೆ ರಾಜ್ಯದ ಅನ್ನಭಾಗ್ಯ ಕೊಡುವ ಹೆಚ್ಚುವರಿ ಪಾಲು ಆಗಾಗ ರೂಪ ಬದಲಿಸಿದೆ. 2023ರ ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ಹಣ ಬರುತ್ತಿತ್ತು, 2025ರ ಫೆಬ್ರವರಿಯಿಂದ ಹಣದ ಬದಲು ಅಕ್ಕಿಯೇ ಎಂದಾಯಿತು. 5 ಕಿಲೋ ಎಂದರೆ ಒಬ್ಬರಿಗೆ ದಿನಕ್ಕೆ ಸುಮಾರು 165 ಗ್ರಾಂ. ಅಷ್ಟರಿಂದ ಹೊಟ್ಟೆ ತುಂಬುವುದಿಲ್ಲ ನಿಜ. ಆದರೆ ಅಕ್ಕಿಗೆ ಹೋಗುತ್ತಿದ್ದ ಹಣ ಬೇಳೆಗೆ, ಮೊಟ್ಟೆಗೆ, ಸೊಪ್ಪಿಗೆ ಉಳಿಯುತ್ತದೆ. ರಕ್ತಹೀನತೆಯಿರುವ ಬಾಣಂತಿಯ ಮನೆಯಲ್ಲಿ ಅದು ಸಣ್ಣ ಮಾತಲ್ಲ.

“ನಮಗೆ ಖೈರಾತ್ ಬೇಡ” ಎನ್ನುವ ಹಿರಿಯರೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಸ್ವಾಭಿಮಾನ ದೊಡ್ಡದು. ಆದರೆ ಇದು ಖೈರಾತ್ ಅಲ್ಲ, ಅರ್ಹರಿಗೆ ಕಾಯ್ದೆಯೇ ಕೊಟ್ಟ ಹಕ್ಕು.

ಒಬ್ಬರಿಗೆ ನಾಲ್ಕು ಹೆಸರು

ಕಾಗದ ಇಲ್ಲದ್ದಕ್ಕಿಂತ ಕಾಗದಗಳು ಒಂದಕ್ಕೊಂದು ಹೊಂದದೆ ಅರ್ಜಿ ನಿಲ್ಲುವುದೇ ನಮ್ಮಲ್ಲಿ ಹೆಚ್ಚು. ಬಳ್ಳಾರಿ ಸೀಮೆಯ ಯಾವ ಮನೆಯಲ್ಲಾದರೂ ನೋಡಿ. ಅಜ್ಜಿ ಆಧಾರ್‌ನಲ್ಲಿ ‘ಹೊನ್ನೂರ್ ಬೀ’, ಮತದಾರರ ಚೀಟಿಯಲ್ಲಿ ‘ಹೊನ್ನೂರಮ್ಮ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಹೊನ್ನೂರ್ ಬೇಗಂ’. ಮನೆಯಲ್ಲಿ ಮಾತ್ರ ಅಮ್ಮೀಜಾನ್. ಮಗ ಒಂದು ಕಡೆ ಮಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್, ಶಾಲೆಯ ದಾಖಲೆಯಲ್ಲಿ ಬರೀ ‘ಎಂ.ಡಿ.’ ಖಾಸಿಂ, ಕಾಸಿಂ, ಸಾಬ್, ಸಾಹೇಬ್. ನಾವು ಉರ್ದುವಿನಲ್ಲಿ ಹೇಳಿದ್ದನ್ನು ಬರೆಯುವವರು ಕಿವಿಗೆ ಬಿದ್ದಂತೆ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆದರು, ನಾವು ಓದಿ ನೋಡದೆ ಹೆಬ್ಬೆಟ್ಟು ಒತ್ತಿದೆವು. ಮನುಷ್ಯರಿಗೆ ಅದು ಒಬ್ಬಳೇ ಅಜ್ಜಿ, ಕಂಪ್ಯೂಟರಿಗೆ ಮೂವರು ಹೆಂಗಸರು.

ಆದ್ದರಿಂದ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಓದುವ ಮಗಳೋ ಮೊಮ್ಮಗನೋ ಇದ್ದರೆ ಅವರಿಗೇ ಈ ಕೆಲಸ ಒಪ್ಪಿಸಿ. ಎಡಗಡೆ ಮನೆಯ ಎಲ್ಲರ ಹೆಸರು, ಮೇಲ್ಗಡೆ ದಾಖಲೆಗಳ ಹೆಸರು: ಆಧಾರ್, ಜನನ ಪ್ರಮಾಣ ಪತ್ರ ಅಥವಾ ಶಾಲೆಯ ಟಿ.ಸಿ., ಮತದಾರರ ಚೀಟಿ, ಪಾಸ್‌ಬುಕ್, ಹಳೆಯ ರೇಷನ್ ಕಾರ್ಡ್. ಪ್ರತಿಯೊಂದರಲ್ಲಿ ಹೆಸರು, ಹುಟ್ಟಿದ ದಿನ, ಗಂಡ ಅಥವಾ ತಂದೆಯ ಹೆಸರು ಹೇಗಿದೆಯೋ ಹಾಗೆಯೇ, ತಪ್ಪಿದ್ದರೆ ತಪ್ಪಾಗಿಯೇ, ಇಳಿಸಿ. ಹಾಳೆ ತುಂಬಿದಾಗ ಕಷ್ಟ ಎಲ್ಲಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ತಿದ್ದುವುದನ್ನು ಆಧಾರ್‌ನಿಂದ ಶುರುಮಾಡಿ, ಏಕೆಂದರೆ ರೇಷನ್ ಕಾರ್ಡಿನ ಅರ್ಜಿ ನಿಂತಿರುವುದೇ ಅದರ ಮೇಲೆ. ಆದರೆ ಅವಸರ ಬೇಡ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಕ್ಕೆ ಒಂದೇ. ಶಾಲೆಯ ದಾಖಲೆಯಿದ್ದವರು ಅದರಲ್ಲಿರುವ ಕಾಗುಣಿತವನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಮುಂದೆ ಸ್ಕಾಲರ್‌ಶಿಪ್‌ಗೂ ಕೆಲಸಕ್ಕೂ ಅದೇ ಬೇಕಾಗುತ್ತದೆ. ಕೇಂದ್ರದಲ್ಲಿ ಬರೆದದ್ದನ್ನು ಉಳಿಸುವ ಮುನ್ನ ಪರದೆಯಲ್ಲಿ ಒಂದೊಂದೇ ಅಕ್ಷರ ಓದಿ ನೋಡಿ. ಫೋಟೊ ತೆಗೆಸುವಾಗ ಮುಖ ಪೂರ್ತಿ ಕಾಣಬೇಕು, ತಲೆಯ ಮೇಲಿನ ದುಪಟ್ಟಾ ತೆಗೆಯಬೇಕಿಲ್ಲ. ಅದೇ ದಿನ ಮೊಬೈಲ್ ನಂಬರನ್ನೂ ಜೋಡಿಸಿಕೊಳ್ಳಿ. ಎಂದೋ ಕಳೆದುಹೋದ ಸಿಮ್ಮಿಗೆ ಒಟಿಪಿ ಹೋದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಕೇಂದ್ರಕ್ಕೆ ಹೋಗಲಾರದ ವೃದ್ಧರು ಅಂಚೆ ಕಚೇರಿಯಲ್ಲಿ ಹೇಳಿಕೊಂಡರೆ ಪೋಸ್ಟ್‌ಮನ್ ಮನೆಗೇ ಬಂದು ನಂಬರ್ ಜೋಡಿಸುವ ಸೌಲಭ್ಯವಿದೆ.

ಊರಿನ ಹೆಸರೂ ಬದಲಾಗಿರುವುದರಿಂದ ಗಾಬರಿಯಾಗಬೇಡಿ. 2014ರ ನವೆಂಬರಿನಿಂದ ಇಂಗ್ಲಿಷಿನಲ್ಲೂ ಊರು ‘ಬಳ್ಳಾರಿ’ಯೇ ಆಯಿತು, ಹಳೆಯ ಕಾಗದಗಳಲ್ಲಿ ‘ಬೆಳ್ಳಾರಿ’ ಎಂದೇ ಇರುತ್ತದೆ. ಕುರುಗೋಡು ಮೊದಲು ಬಳ್ಳಾರಿ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು. ಹಳೆಯ ಪತ್ರದಲ್ಲಿ ಬಳ್ಳಾರಿ ತಾಲ್ಲೂಕು ಎಂದಿದ್ದರೆ ಅದು ಸುಳ್ಳಾಗುವುದಿಲ್ಲ, ಹೊಸ ಅರ್ಜಿಗೆ ಮಾತ್ರ ಕುರುಗೋಡಿನ ಕಚೇರಿಗೆ ಹೋಗಬೇಕು.

ಹುಟ್ಟು, ಸಾವು, ನಿಖಾ

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಡಲೇ ಜನನ ನೋಂದಣಿಯಾಗುತ್ತದೆ. ನಾವು ಹೆಸರಿಡುವುದು ಏಳನೆಯ ದಿನ, ಅಖೀಖಾದ ಹೊತ್ತಿಗೆ. ಹೀಗಾಗಿ ಎಷ್ಟೋ ಮಕ್ಕಳ ಜನನ ಪ್ರಮಾಣ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಉಳಿಯುತ್ತದೆ. ವರ್ಷದೊಳಗೆ ಹೋದರೆ ಹೆಸರು ಸೇರಿಸಲು ಶುಲ್ಕವಿಲ್ಲ, ಆಮೇಲೂ 15 ವರ್ಷದವರೆಗೆ ಶುಲ್ಕ ಕಟ್ಟಿ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಈ ಪತ್ರವೊಂದೇ ಆಧಾರ, ಆದ್ದರಿಂದ ಉದಾಸೀನ ಬೇಡ. ಅಖೀಖಾದ ಮರುದಿನವೇ ಯಾರಾದರೊಬ್ಬರು ಈ ಕೆಲಸಕ್ಕೆ ಹೊರಡಲಿ. ಪತ್ರ ಕೈಗೆ ಬಂದರೆ ಮಗುವಿನ ಆಧಾರ್ ಮಾಡಿಸಬಹುದು. 5 ವರ್ಷದೊಳಗೆ ಬೆರಳಚ್ಚು ಕೇಳುವುದಿಲ್ಲ, ತಂದೆ ಅಥವಾ ತಾಯಿಯ ಆಧಾರ್ ಸಾಕು. ಮಗು ಕಾರ್ಡಿಗೆ ಸೇರದಿದ್ದರೆ ಅದರ ಪಾಲಿನ ಅಕ್ಕಿ ಪ್ರತಿ ತಿಂಗಳೂ ತಪ್ಪುತ್ತದೆ. 5 ತುಂಬಿದ ಮೇಲೊಮ್ಮೆ, 15 ತುಂಬಿದ ಮೇಲೊಮ್ಮೆ ಬೆರಳಚ್ಚು ಕೊಡಿಸಬೇಕು. 7 ಮತ್ತು 17ರೊಳಗೆ ಮಾಡಿಸಿದರೆ ಉಚಿತ.

ಸಾವಿನ ವಿಷಯದಲ್ಲಿ ನಾವು ಇನ್ನೂ ಹಿಂದೆ. ಮನೆಯಲ್ಲೇ ತೀರಿಕೊಂಡವರನ್ನು ಅದೇ ದಿನ ದಫನ ಮಾಡುತ್ತೇವೆ, ಫಾತಿಹಾ ಮುಗಿಯುತ್ತದೆ, ನೋಂದಣಿ ಯಾರಿಗೂ ನೆನಪಾಗುವುದಿಲ್ಲ. ಎರಡು ವರ್ಷದ ಮೇಲೆ ವಿಧವಾ ವೇತನಕ್ಕೋ ಕಾರ್ಡ್ ಬದಲಾವಣೆಗೋ ಹೋದಾಗ ಮರಣ ಪ್ರಮಾಣ ಪತ್ರ ಕೇಳುತ್ತಾರೆ. ಹುಟ್ಟಾಗಲಿ ಸಾವಾಗಲಿ, 21 ದಿನದೊಳಗೆ ಬರೆಸಿದರೆ ಸುಲಭ. ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಇದ್ದತ್‌ನಲ್ಲಿ ಕುಳಿತ ಹೆಣ್ಣುಮಗಳು ಹೊರಗೆ ಹೋಗಲಾರಳು, ಅವಳ ಅಣ್ಣನೋ ಮೈದುನನೋ ಹೋಗಿ ಬರೆಸಲಿ. ಊರಲ್ಲಾದರೆ ಪಂಚಾಯಿತಿಯಲ್ಲಿ ವಿಚಾರಿಸಿ. ಪಟ್ಟಣದಲ್ಲಾದರೆ ಪುರಸಭೆ, ನಗರಸಭೆ ಅಥವಾ ಪಾಲಿಕೆ. ಖಬರಸ್ತಾನದ ಕಮಿಟಿಯವರು ಗೋರಿ ತೋಡಿಸುವಾಗಲೇ “ನೋಂದಣಿ ಯಾರು ಮಾಡಿಸುತ್ತೀರಿ?” ಎಂದು ಕೇಳುವ ರೂಢಿ ಹಾಕಿಕೊಂಡರೆ ಎಷ್ಟೋ ವಿಧವೆಯರ ಅಲೆದಾಟ ತಪ್ಪುತ್ತದೆ.

ಸಿರುಗುಪ್ಪದ ಮನೆಗಳಿಗೆ ಸೊಸೆಯರು ಆದೋನಿ, ಆಲೂರು ಕಡೆಯಿಂದ ಬರುತ್ತಾರೆ. ಗಡಿಯಾಚೆಯ ತವರಿನ ಕಾರ್ಡಿನಲ್ಲಿ ಅವರ ಹೆಸರು ಹಾಗೇ ಇರುತ್ತದೆ. ಒಂದು ಆಧಾರ್ ಎರಡು ಕಾರ್ಡಿನಲ್ಲಿ ಇರಲು ಬಾರದು. ಮೊದಲು ಅಲ್ಲಿ ಹೆಸರು ತೆಗೆಸಿ, ತೆಗೆದದ್ದಕ್ಕೆ ಕಾಗದ ಪಡೆದು, ಆಮೇಲೆ ಇಲ್ಲಿ ಸೇರಿಸಬೇಕು. ಆಧಾರ್ ವಿಳಾಸ ಬದಲಿಸಲು ಸೊಸೆಯ ಹೆಸರಲ್ಲಿ ಕರೆಂಟ್ ಬಿಲ್ ಬೇಕಿಲ್ಲ. ಮನೆಯ ಮುಖ್ಯಸ್ಥರ ಆಧಾರ್ ಮತ್ತು ಸಂಬಂಧ ತೋರಿಸುವ ದಾಖಲೆಯ ಮೇಲೆ ಬದಲಿಸುವ ವ್ಯವಸ್ಥೆ 2023ರಿಂದ ಇದೆ. ಅಂಥ ದಾಖಲೆ ಇಲ್ಲದಿದ್ದರೆ ಮುಖ್ಯಸ್ಥರ ಸ್ವಯಂ ಘೋಷಣೆಯೂ ನಡೆಯುತ್ತದೆ. ನಿಖಾನಾಮೆಯಲ್ಲಿ ಹುಡುಗಿಯ ಹೆಸರನ್ನು ಆಧಾರ್‌ನಲ್ಲಿರುವಂತೆಯೇ ಬರೆಯಲು ಖಾಜಿಯವರಿಗೆ ಮೊದಲೇ ಹೇಳಿಡಿ.

ಆದಾಯ ಪತ್ರ, ಅರ್ಜಿ, ಬೆರಳು

ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು, ಎಂದರೆ ತಿಂಗಳಿಗೆ 10 ಸಾವಿರ. ಕೌಲ್ ಬಜಾರಿನಲ್ಲಿ ಗಂಡ ಹೆಂಡತಿ ಇಬ್ಬರೂ ಜೀನ್ಸ್ ಹೊಲಿದರೆ ಸೀಸನ್ನಿನಲ್ಲಿ ಅದು ಮೀರಲೂಬಹುದು, ಕೆಲಸವಿಲ್ಲದ ತಿಂಗಳಲ್ಲಿ ಅರ್ಧವೂ ಬಾರದಿರಬಹುದು. ಇಂದಿನ ಬೆಲೆಗೆ ಈ ಮಿತಿ ಬಹಳ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಆದರೂ ಸುಳ್ಳು ಬರೆಸಬೇಡಿ. ಇಡೀ ವರ್ಷದ ಲೆಕ್ಕ ಕೂಡಿಸಿ, ಇದ್ದದ್ದನ್ನು ಹೇಳಿ. ಮೀರಿದವರು ಎಪಿಎಲ್ ಕಾರ್ಡನ್ನಾದರೂ ಮಾಡಿಸಿಕೊಳ್ಳಿ, ಆಸ್ಪತ್ರೆಯಲ್ಲಿ ಅದಕ್ಕೂ ಬೆಲೆಯಿದೆ. ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕುವುದು ನಾಡಕಚೇರಿಯಲ್ಲಿ. ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಲ್ಲೂ ಆಗುತ್ತದೆ. ವಿಚಾರಣೆಗೆ ಬರುವ ಗ್ರಾಮ ಆಡಳಿತಾಧಿಕಾರಿಗೆ ಹಾಳೆಯಲ್ಲಿ ಬರೆದ ಲೆಕ್ಕವನ್ನೇ ತೋರಿಸಿ. ಪತ್ರ ಬಂದ ಮೇಲೆ ಹೆಸರು ಆಧಾರ್‌ನಂತೆಯೇ ಇದೆಯೇ ಎಂದು ಅಲ್ಲೇ ನಿಂತು ನೋಡಿ.

ಕಾಯ್ದೆಯ ಪ್ರಕಾರ ಕಾರ್ಡಿನ ಮುಖ್ಯಸ್ಥೆ 18 ವರ್ಷ ದಾಟಿದ ಹಿರಿಯ ಹೆಣ್ಣುಮಗಳು, ಅಂದರೆ ಹೆಚ್ಚಿನ ಮನೆಗಳಲ್ಲಿ ಅತ್ತೆ. ಅವರ ಆಧಾರ್, ಮೊಬೈಲ್, ಬ್ಯಾಂಕ್ ಖಾತೆ ಮೂರೂ ಒಂದಕ್ಕೊಂದು ಜೋಡಣೆಯಾಗಿರಲಿ. ಹೊಸ ಕಾರ್ಡಿನ ಅರ್ಜಿ ವರ್ಷವಿಡೀ ತೆರೆದಿರುವುದಿಲ್ಲ. ಕೆಲವೊಮ್ಮೆ ಕೆಲವೇ ದಿನಕ್ಕೆ ತೆರೆದು ಮುಚ್ಚಿಬಿಡುತ್ತದೆ. ಕಾಗದ ಸಿದ್ಧವಿದ್ದವರು ಅಂದೇ ಹಾಕುತ್ತಾರೆ, ಉಳಿದವರು ನಾಡಕಚೇರಿಯ ಸಾಲಿನಲ್ಲೇ ಇರುತ್ತಾರೆ. ಗಂಭೀರ ಕಾಯಿಲೆಯವರಿದ್ದರೆ ಕಾಯಬೇಡಿ, ವೈದ್ಯರ ಪತ್ರದೊಂದಿಗೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೋಗಿ. ವೈದ್ಯಕೀಯ ತುರ್ತಿನಲ್ಲಿ ಬೇರೆಯಾಗಿ ಅರ್ಜಿ ಪರಿಗಣಿಸಿದ್ದುಂಟು. ಕಟ್ಟಡ ಕೆಲಸ, ಹೊಲಿಗೆ, ಹಮಾಲಿ ಮಾಡುವವರು ಇ-ಶ್ರಮ್ ನೋಂದಣಿ ಮಾಡಿಸಿಕೊಳ್ಳಿ. ಅದರಲ್ಲಿದ್ದೂ ಕಾರ್ಡಿಲ್ಲದವರಿಗೆ ಕಾರ್ಡ್ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲೂ 2024ರಲ್ಲೂ ಹೇಳಿದೆ.

ಕಾರ್ಡ್ ಬಂದ ಮೇಲೆ ಮನೆಯ ಪ್ರತಿಯೊಬ್ಬರೂ ನ್ಯಾಯಬೆಲೆ ಅಂಗಡಿಯಲ್ಲಿ ಇ-ಕೆವೈಸಿ ಮಾಡಿಸಬೇಕು. ಅಲ್ಲಿ ತೊಡಕು ಬೆರಳಿನದು. ಜೀನ್ಸ್ ತೊಳೆಯುವ ರಾಸಾಯನಿಕ, ಸಿಮೆಂಟು, ಪಾತ್ರೆಯ ಪುಡಿ ಬೆರಳ ರೇಖೆಗಳನ್ನು ಸವೆಸುತ್ತವೆ. ಇಂಥ ಕೆಲಸದವರು ಕೈಗವಸು ಹಾಕುವುದು ಚರ್ಮದ ಆರೋಗ್ಯಕ್ಕೂ ಒಳ್ಳೆಯದು. ಹೋಗುವ ಮುನ್ನ ಕೈ ಚೆನ್ನಾಗಿ ತೊಳೆದು ಒರೆಸಿ. ಗಾಢ ಮೆಹಂದಿ ಇರುವ ವಾರ ಬೇಡ. ಒಂದು ಬೆರಳು ಬಾರದಿದ್ದರೆ ಹತ್ತನ್ನೂ ನೋಡಿಸಿ, ಆಗಲೂ ಬಾರದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿ. ದುಡಿಯಲು ಬೆಂಗಳೂರಿಗೆ ಹೋದವರು ಅಲ್ಲಿಯ ಅಂಗಡಿಯಲ್ಲೇ ಇದೇ ಕಾರ್ಡಿನ ಅಕ್ಕಿ ಪಡೆಯಬಹುದು.

ಕಾರ್ಡ್ ಬರುವವರೆಗೆ ಗರ್ಭಿಣಿಯ ಊಟ ಕಾಯಬೇಕಿಲ್ಲ. ಹತ್ತಿರದ ಅಂಗನವಾಡಿಯಲ್ಲಿ ತಾಯಿ ಕಾರ್ಡ್ ತೋರಿಸಿ ಹೆಸರು ಬರೆಸಿದರೆ ಬಸುರಿಯಿದ್ದಾಗಲೂ ಹೆರಿಗೆಯಾದ ಆರು ತಿಂಗಳವರೆಗೂ ಪೌಷ್ಟಿಕ ಊಟ ಸಿಗುತ್ತದೆ. ಅದಕ್ಕೆ ಬಿಪಿಎಲ್ ಎಂಬ ಷರತ್ತಿಲ್ಲ.

ಅರ್ಜಿ ಹಾಕಿದ ಕೂಡಲೇ ಸ್ವೀಕೃತಿ ಚೀಟಿ ಕೇಳಿ ಪಡೆದು, ಅದರ ಜೆರಾಕ್ಸ್ ಮಾಡಿಸಿಡಿ. ಆ ಚೀಟಿಯ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ. ಮಧ್ಯವರ್ತಿಗೆ ಮೂಲ ಕಾಗದವನ್ನಾಗಲಿ ಒಟಿಪಿಯನ್ನಾಗಲಿ ಕೊಡಬೇಡಿ. ಅರ್ಜಿ ತಿರಸ್ಕಾರವಾದರೆ ಕಾರಣ ಏನೆಂದು ಕೇಳಿ ಬರೆದುಕೊಳ್ಳಿ. ಆಹಾರ ಇಲಾಖೆಯ ಸಹಾಯವಾಣಿ 1967, ಆಧಾರ್‌ನದು 1947.