ಸಭೆಯೆಲ್ಲಾ ಕೂಡಿ ಹಾಡುವದು
ವೇಲ್ಸ್ ನಾಡಿನಿಂದ ನಮಗೆ ಒಂದು ಪಾಠ

ಓದತಕ್ಕ ಭಾಗಗಳು: ಕೊಲೊಸ್ಸೆಯವರಿಗೆ 3:16, 1 ಕೊರಿಂಥದವರಿಗೆ 14:15.

ಆದಿತ್ಯವಾರದಲ್ಲಿ ಬೋಧಕರು ಗೀತದ ಸಂಖ್ಯೆಯನ್ನು ಹೇಳಿದ ಕೂಡಲೆ ನಮ್ಮ ಸಭೆಗಳಲ್ಲಿ ಆಗುವದೇನು? ಧ್ವನಿವರ್ಧಕದ ಹತ್ತಿರ ನಿಂತ ನಾಲ್ಕೈದು ಮಂದಿ ಹಾಡುತ್ತಾರೆ. ಹಿಂದೆ ಇರುವ ರೈತನೂ ಮುದುಕಿಯೂ ಸುಮ್ಮನೆ ನಿಲ್ಲುತ್ತಾರೆ. ಕೇಳಿದರೆ, "ನಮಗೆ ರಾಗ ಬರುವದಿಲ್ಲ" ಅನ್ನುತ್ತಾರೆ. ಆದರೆ ಅದೇ ಮುದುಕಿ ಮದುವೆಯ ಮನೆಯಲ್ಲಿ ಸೋಬಾನೆಗೆ ಕೂತರೆ ಬೆಳಗಾಗುವ ತನಕ ಹಾಡುವಳು. ಸವಾಯಿ ಗಂಧರ್ವರು (1886–1952) ಹುಟ್ಟಿದ ಕುಂದಗೋಳದ ಸೀಮೆಯವರಾದ ನಮಗೆ ರಾಗ ಬಾರದೆಂಬ ಮಾತು ಹೊಂದುವದೋ? ಕೊರತೆಯು ಬೇರೆ ಎಲ್ಲಿಯೋ ಉಂಟು. ಅದನ್ನು ತಿಳಿಯುವದಕ್ಕೆ ದೂರದ ಒಂದು ನಾಡಿನ ಸಂಗತಿಯನ್ನು ವಿಚಾರಿಸೋಣ.

1. ಹಾಡಿದವರು ಯಾರು?

ವೇಲ್ಸ್ ಎಂಬದು ಇಂಗ್ಲೆಂಡಿನ ಪಡುವಣ ಮಗ್ಗುಲಿನ ಗುಡ್ಡಗಾಡು. ಅಲ್ಲಿರುವ ಜನರು ಸುಮಾರು 31 ಲಕ್ಷ. ಅವರ ಮೂಲಭಾಷೆ ಇಂಗ್ಲಿಷಲ್ಲ, ವೆಲ್ಷ್. ಸಂಪೂರ್ಣ ಸತ್ಯವೇದವು 1588ರಲ್ಲಿಯೇ ಆ ಭಾಷೆಯಲ್ಲಿ ಅಚ್ಚಾಯಿತು. ಈಗ ಅಲ್ಲಿಯ ಗಾಯನ ಸಂಘದವರು ಕೆಥೀಡ್ರಲ್ ಎಂಬ ಮಹಾದೇವಾಲಯಗಳಲ್ಲಿ ತಮ್ಮ ನಾಡಿನ ಗೀತಗಳನ್ನು ನಾಲ್ಕು ಸ್ವರಗಳಲ್ಲಿ ಹಾಡುವಾಗ ಕೇಳುವವರು ಬೆರಗಾಗುತ್ತಾರೆ. ಆದರೆ ಆ ಗಾನವು ಬೆಳೆದದ್ದು ಬಡವರ ಸಣ್ಣ ಪ್ರಾರ್ಥನಾಮಂದಿರಗಳಲ್ಲಿ. 'ಹವ್ರಡೋಲ್' ಎಂಬ ಪ್ರಸಿದ್ಧ ರಾಗವನ್ನು ಕಟ್ಟಿದ ರೋಲೆಂಡ್ ಪ್ರಿಚರ್ಡನು (1811–1887) ಮಗ್ಗದ ಕಾರಖಾನೆಯಲ್ಲಿ ದುಡಿದವನು. 'ಬ್ರಿನ್ ಕಲ್ವಾರಿಯ' ಎಂಬ ರಾಗವನ್ನು ಕಟ್ಟಿದ ವಿಲಿಯಂ ಓವನನು ಕಲ್ಲುಗಣಿಯ ಕೂಲಿ. 1872ರಲ್ಲಿ ನಾನೂರಕ್ಕೆ ಮಿಕ್ಕಿದ ಹಾಡುಗಾರರನ್ನು ಲಂಡನ್ ಪಟ್ಟಣದ ಸ್ಫಟಿಕ ಅರಮನೆಗೆ ನಡಿಸಿಕೊಂಡು ಹೋದ ಗ್ರಿಫಿತ್ ರೀಸ್ ಜೋನ್ಸನು ಮೊದಲು ಕಮ್ಮಾರಿಕೆಯನ್ನು ಕಲಿತವನು. ಮರುವರುಷ ಅವರು ಲಂಡನಿನ ಸಂಘವನ್ನೇ ಪಂದ್ಯದಲ್ಲಿ ಗೆದ್ದರು.

2. ಅವರು ಕಲಿತದ್ದು ಹೇಗೆ?

ಹುಟ್ಟುಗುಣದಿಂದಲೇ ಅವರು ಹಾಡಿದರೆಂದು ತಿಳಿಯಬಾರದು. ಜಾನ್ ರಾಬರ್ಟ್ಸ್ ಎಂಬವರು ಸಭೆಗಳಿಗೋಸ್ಕರ ರಾಗಗಳ ಪುಸ್ತಕವೊಂದನ್ನು 1859ರಲ್ಲಿ ಪ್ರಕಟಿಸಿ, ಅದೇ ವರುಷ ಅಬರ್ಡೇರ್ ಎಂಬ ಊರಲ್ಲಿ ಹಾಡುವ ಕೂಟವನ್ನು ನಡಿಸಿದರು. ಅಂಥಾ ಕೂಟಕ್ಕೆ 'ಗಮಾನ್ವಾ ಗಾನಿ' ಎಂದು ಹೆಸರು. ಅಲ್ಲಿ ಹಾಡುವವರು ಬೇರೆ, ಕೇಳುವವರು ಬೇರೆ ಎಂಬದಿಲ್ಲ, ಬಂದವರೆಲ್ಲರೂ ಹಾಡತಕ್ಕದ್ದು. ಅದಕ್ಕೆ ಮೊದಲು ಪ್ರತಿಯೊಂದು ಸಭೆಯು ತನ್ನ ಊರಲ್ಲಿ ಅಭ್ಯಾಸ ಮಾಡುತ್ತಿತ್ತು.

ಇದಕ್ಕೆ 'ಸೋಲ್‌ಫಾ' ಎಂಬ ಪದ್ಧತಿಯು ಬಹಳ ಸಹಾಯವಾಯಿತು. ಸೇರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಹುಡುಕಿದ್ದನ್ನು ಜಾನ್ ಕರ್ವನ್ ಎಂಬ ಬೋಧಕರು ತಿದ್ದಿ ಹಬ್ಬಿಸಿದರು. ಗೆರೆಗಳ ಮೇಲೆ ಸ್ವರಚಿಹ್ನೆ ಬರೆಯುವ ಬದಲು ಅದರಲ್ಲಿ ಬರೇ ಅಕ್ಷರಗಳು. ಪೆಟ್ಟಿಗೆ ಬಾರಿಸುವವನು ಕರಿ ಒಂದನ್ನಾಗಲಿ ಬಿಳಿ ನಾಲ್ಕನ್ನಾಗಲಿ ಷಡ್ಜವೆಂದು ಹಿಡಿದು ಸರಿಗಮ ಹೇಳಿಸುವ ಹಾಗೆಯೇ ಅದು. ಗಣಿಯಿಂದ ದಣಿದು ಬಂದವನೂ ಅದನ್ನು ಕಲಿಯಬಹುದಾಗಿತ್ತು.

3. ನಮ್ಮ ಭಾಷೆ, ನಮ್ಮ ರಾಗ

ಹಾಗಾದರೆ ನಾವು ವೇಲ್ಸ್ ರಾಗಗಳನ್ನೇ ಹಾಡಬೇಕೋ? ಅವಶ್ಯವಲ್ಲ. ಅವರ ಬಲವು ಅವರ ಭಾಷೆಯಲ್ಲಿತ್ತು. ಕನ್ನಡದಲ್ಲಿ ಗುರು ಲಘುಗಳ ಭೇದದಿಂದ ಅರ್ಥವೇ ಬದಲಾಗುವದು. ಪರದೇಶದ ರಾಗಕ್ಕೆ ಶಬ್ದವನ್ನು ಬಲವಂತದಿಂದ ಎಳೆದರೆ 'ಬಲ'ವು 'ಬಾಲ'ವಾಗುವದು, 'ಮನ'ವು 'ಮಾನ'ವಾಗುವದು. ಆಗ ಬುದ್ಧಿಯಿಂದ ಹಾಡುವದು ಹೇಗೆ?

ಬಾಸೆಲ್ ಮಿಶನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಬಂದು ತಮ್ಮ ನಾಡಿನ ರಾಗಗಳನ್ನು ತಂದರು. ಆದರೆ 1853ರಲ್ಲಿ ಬಂದ ಕಿಟ್ಟೆಲ್ ಅಯ್ಯನವರು ಈ ದೇಶದ ಸಂಗೀತವನ್ನೂ ಛಂದಸ್ಸನ್ನೂ ಅಭ್ಯಾಸಮಾಡಿ, ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಎಂಬ ಹೆಸರಿನಿಂದ 1862ರಲ್ಲಿ ಪ್ರಕಟಿಸಿದರು. 1875ರಲ್ಲಿ ನಾಗವರ್ಮನ ಛಂದಸ್ಸನ್ನು ಅಚ್ಚುಹಾಕಿಸಿದವರೂ ಇವರೇ.

ಇನ್ನೊಂದು ದೃಷ್ಟಾಂತ ಉಂಟು. ವೇಲ್ಸ್ ಮಿಶನರಿಗಳು 1841ರಲ್ಲಿ ಖಾಸಿ ಬೆಟ್ಟಗಳಿಗೂ, ತರುವಾಯ ಮಿಜೋ ಬೆಟ್ಟಗಳಿಗೂ ಬಂದರು. ಮಿಜೋ ಜನರು ಸೋಲ್‌ಫಾ ಕಲಿತು ನಾಲ್ಕು ಸ್ವರಗಳಲ್ಲಿ ಹಾಡಲು ಸಮರ್ಥರಾದರು. ಆದರೂ ತಮ್ಮ ಡೋಲಿನ ಸಂಗಡ ಹಾಡುವ ತಮ್ಮ ಧಾಟಿಯ ಗೀತಗಳನ್ನೂ ಕಟ್ಟಿಕೊಂಡರು. ಎರಡೂ ಅವರಲ್ಲಿ ಇಂದಿಗೂ ಉಳಿದವೆ.

4. ನಾವು ಮಾಡತಕ್ಕದ್ದು

ತಿಂಗಳಿಗೆ ಒಂದೇ ಗೀತವನ್ನು ಆರಿಸಿರಿ. ವಾರದಲ್ಲಿ ಒಂದು ಸಾಯಂಕಾಲ ಅರ್ಧ ತಾಸು ಕೂಡಿರಿ. ಮೊದಲು ಮಾತುಗಳನ್ನು ಓದಿ ಅರ್ಥವನ್ನು ಹೇಳಿರಿ. ಅಕ್ಷರ ಬಾರದವರಿಗೆ ಬಾಯಿಪಾಠ ಮಾಡಿಸಿರಿ. ಸೋಬಾನೆಯಲ್ಲಿ ಮಾಡುವ ಹಾಗೆ ಒಬ್ಬರು ಒಂದು ಸಾಲನ್ನು ಹೇಳಲಿ, ಮಿಕ್ಕವರು ಹಿಂದೆ ಹೇಳಲಿ. ಮುದುಕರಿಗೂ ಎಟುಕುವಂತೆ ಷಡ್ಜವನ್ನು ತಗ್ಗಿಸಿ ಹಿಡಿಯಿರಿ. ಆದಿತ್ಯವಾರದಲ್ಲಿ ಆ ಒಂದು ಗೀತಕ್ಕೆ ಧ್ವನಿವರ್ಧಕವನ್ನು ನಿಲ್ಲಿಸಿರಿ. ಮೊದಲನೆಯ ವಾರ ದನಿಯು ಕ್ಷೀಣವಾಗಿ ಕೇಳಿಸೀತು, ಅದಕ್ಕೆ ನಾಚಬೇಡಿರಿ. ಅದು ಸಭೆಯ ಸ್ವಂತ ದನಿ.

ವಿಚಾರಿಸತಕ್ಕ ಪ್ರಶ್ನೆಗಳು

1. ನಮ್ಮ ಸಭೆಯಲ್ಲಿ ಹಾಡದೆ ನಿಲ್ಲುವವರು ಯಾರು? ಕಾರಣವೇನು?
2. ಅರ್ಥ ತಿಳಿಯದೆ ನಾವು ಹಾಡುವ ಗೀತ ಯಾವದು?
3. ಮನೆಯಲ್ಲಿಯೂ ಹೊಲದಲ್ಲಿಯೂ ಹಾಡುವ ಬಾಯಿಯು ಆಲಯದಲ್ಲಿ ಯಾಕೆ ಮುಚ್ಚಿಕೊಳ್ಳುತ್ತದೆ?