ಹೊಂಬಣ್ಣದ ನೆಲಗಪ್ಪೆ

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ ಮಾಂಟೆವರ್ಡೆ ಎಂಬ ಮಳೆಕಾಡಿದೆ. ಮೋಡಗಳು ಮರಗಳ ನೆತ್ತಿಯನ್ನು ಸವರುವ ಆ ಮಲೆಯ ಕೆಲವೇ ಚದರ ಕಿಲೋಮೀಟರುಗಳಲ್ಲಿ ಹೊಂಬಣ್ಣದ ನೆಲಗಪ್ಪೆ ಬಾಳುತ್ತಿತ್ತು, ಬೇರೆಲ್ಲಿಯೂ ಇರಲಿಲ್ಲ. ಗಂಡಿನದು ಹೊಳೆಯುವ ಕಿತ್ತಳೆ ಬಣ್ಣ. ಹೆಣ್ಣಿನ ಕಪ್ಪು ಮೈಮೇಲೆ ಕೆಂಪು ಬೊಟ್ಟುಗಳು. ನೆಲಗಪ್ಪೆಯೆಂದರೆ ಮುಖ ಸಿಂಡರಿಸುವವರೂ ಇದನ್ನು ಕಂಡರೆ ಬೆರಗಾಗದಿರರು!

ವರ್ಷದ ಬಹುಭಾಗ ನೆಲದೊಳಗೆ ಅಡಗಿರುತ್ತಿದ್ದ ಇವು ಮಳೆಗಾಲದ ಆರಂಭದ ಕೆಲವು ವಾರ ಮಾತ್ರ ಹೊರಬಂದು, ಬೇರುಗಳ ನಡುವಣ ಪುಟ್ಟ ನೀರುಗುಂಡಿಗಳಲ್ಲಿ ಮೊಟ್ಟೆಯಿಡುತ್ತಿದ್ದವು. 1987ರಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಕಪ್ಪೆಗಳು ನೆರೆದವು. ಆದರೆ ಗುಂಡಿಗಳು ಬತ್ತಿ, ಮೊಟ್ಟೆಗಳೆಲ್ಲ ಬಹುಮಟ್ಟಿಗೆ ನಾಶವಾದವು. ಮರುವರ್ಷ ಅದೇ ಸ್ಥಳದಲ್ಲಿ ಕಂಡದ್ದು ಒಂದೇ ಕಪ್ಪೆ. 1989ರಲ್ಲಿಯೂ ಒಂದೇ, ಅದೇ ಕೊನೆಯದು.

ಆ ಕಾಡಿಗೆ 1972ರಿಂದಲೇ ರಕ್ಷಣೆಯಿತ್ತು. ಬರ ಮತ್ತು ಚರ್ಮಕ್ಕೆ ತಗಲುವ ಶಿಲೀಂಧ್ರರೋಗ, ಇವುಗಳ ಮೇಲೆ ವಿಜ್ಞಾನಿಗಳ ಸಂಶಯ. ಇವೆರಡಕ್ಕೂ ಬೇಲಿಯ ಹಂಗಿಲ್ಲವಷ್ಟೆ. 2004ರಲ್ಲಿ ಈ ಕಪ್ಪೆಯನ್ನು ಅಳಿದ ಜೀವಿಗಳ ಪಟ್ಟಿಗೆ ಸೇರಿಸಲಾಯಿತು.