‘ಣ’ ಒಂದು ಬಿದ್ದುಹೋದರೆ

ಹಿಂದಿಯಿಂದ ಕನ್ನಡಕ್ಕೆ ಅನುವಾದ ಮಾಡುವುದು ಇಪ್ಪತ್ತೆಂಟು ವರ್ಷಗಳಿಂದ ನನ್ನ ಕಸುಬು. ಕಥೆ, ಕಾದಂಬರಿ ಕಡಿಮೆ. ಸುತ್ತೋಲೆ, ಕೈಪಿಡಿ, ಸಭೆಗಳಲ್ಲಿ ಬಾಯಿಮಾತಿನ ಅನುವಾದ, ಇವೇ ಹೆಚ್ಚು. ಈ ಕೆಲಸದಲ್ಲಿ ಯಾವ ಮೇಷ್ಟರಿಗಿಂತಲೂ ಹೆಚ್ಚು ನನಗೆ ಕಲಿಸಿದ್ದು ಒಂದು ಶಬ್ದ: ಶಿಕ್ಷೆ.

1. ಗುರುತಿರುವ ಶಬ್ದಕ್ಕೇ ಮೊದಲು ನಿಘಂಟು ತೆಗೆಯಬೇಕು

ಶುರುವಿನ ವರ್ಷಗಳಲ್ಲಿ ಶಾಲೆಗಳಿಗೆ ಹೋಗಬೇಕಿದ್ದ ಒಂದು ಕೈಪಿಡಿಯನ್ನು ಅನುವಾದಿಸುತ್ತಿದ್ದೆ. ವೇಳಾಪಟ್ಟಿಯ ಪುಟದಲ್ಲಿ ‘ಶಾರೀರಿಕ ಶಿಕ್ಷಾ’ ಎಂದಿತ್ತು. ‘ಶಾರೀರಿಕ ಶಿಕ್ಷೆ, ವಾರಕ್ಕೆ ಎರಡು ಪೀರಿಯಡ್’ ಎಂದು ಬರೆದು ಮುಂದೆ ಹೋದೆ. ಕರಡು ತಿದ್ದುತ್ತಿದ್ದ ಹಿರಿಯರು ಆ ಸಾಲಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ‘ಣ’ ಎಂಬ ಒಂದೇ ಅಕ್ಷರ ಬರೆದು ವಾಪಸ್ ಕಳಿಸಿದರು. ಆಟದ ಪೀರಿಯಡ್ಡನ್ನು ನಾನು ಹೊಡೆತದ ಪೀರಿಯಡ್ ಮಾಡಿಬಿಟ್ಟಿದ್ದೆ. ಅದೇ ಪುಟದ ಹತ್ತಾರು ಕಷ್ಟದ ಪದಗಳಿಗೆ ನಿಘಂಟು ತಿರುವಿದ್ದೆ, ಅವೆಲ್ಲ ಸರಿಯಾಗಿದ್ದವು. ಗೊತ್ತಿದೆ ಎಂದುಕೊಂಡ ಕಡೆಯೇ ತಪ್ಪಿತ್ತು.

ಮಕ್ಕಳ ಶಿಕ್ಷಣ ಹಕ್ಕಿನ 2009ರ ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡಬಾರದು ಎನ್ನುತ್ತದೆ. ದೈಹಿಕ ಶಿಕ್ಷಣವೋ ಪ್ರತಿ ಶಾಲೆಯಲ್ಲೂ ಇರಬೇಕು. ಕನ್ನಡದಲ್ಲಿ ಇವೆರಡನ್ನು ಬೇರೆ ಮಾಡುವುದು ಅದೇ ‘ಣ’. ಅಂದಿನಿಂದ ಆ ಅಕ್ಷರ ಕಂಡಾಗಲೆಲ್ಲ ಒಂದು ಕ್ಷಣ ನಿಂತು ನೋಡುತ್ತೇನೆ.

2. ಶಬ್ದದ ಗಡಿ ಬೇರೆ, ಭೂಪಟದ ಗಡಿ ಬೇರೆ

ದ್ರಾವಿಡ ಭಾಷೆಗಳಲ್ಲಿ ಒಂದರ್ಥ, ಉತ್ತರದ ಭಾಷೆಗಳಲ್ಲಿ ಇನ್ನೊಂದು ಎಂದು ಬಹಳ ದಿನ ನಂಬಿದ್ದೆ. ಮರಾಠಿ ಆ ನಂಬಿಕೆಯನ್ನು ಮುರಿಯಿತು. ಅಲ್ಲಿ ‘ಶಿಕ್ಷಾ’ ಎಂದರೆ ನಮ್ಮಂತೆಯೇ ದಂಡನೆ, ಓದಿಗೆ ‘ಶಿಕ್ಷಣ’. ಗುಜರಾತಿಯಲ್ಲೂ ಹಾಗೆಯೇ. ತೆಲುಗು, ಮಲಯಾಳಂಗಳೂ ಇದೇ ಪಂಕ್ತಿಯಲ್ಲಿ ಕೂರುತ್ತವೆ. ತಮಿಳಿನ ‘ಸಿಟ್ಚೈ’ಗೂ ದಂಡಿಸಿ ತಿದ್ದುವುದು ಎಂಬ ಅರ್ಥ. ಆಚೆ ಪಂಕ್ತಿಯಲ್ಲಿ ಹಿಂದಿ, ಬಂಗಾಳಿ, ಒಡಿಯಾ, ಅಸ್ಸಾಮಿ, ನೇಪಾಳಿ: ಅಲ್ಲೆಲ್ಲ ಅದು ವಿದ್ಯಾಭ್ಯಾಸ.

ಒಂದೇ ಪಂಕ್ತಿಯವರೂ ಪೂರ್ತಿ ಒಂದಲ್ಲ. ತೆಲುಗಿನಲ್ಲಿ ‘ಶಿಕ್ಷಣ’ ಎಂದರೆ ತರಬೇತಿ, ಓದಿಗೆ ‘ವಿದ್ಯ’. ನಮ್ಮ ‘ತರಬೇತಿ’ಯೋ ಅರಬ್ಬಿ ಮೂಲದ್ದು, ಮಕ್ಕಳನ್ನು ಸಾಕಿ ಬೆಳೆಸುವ ‘ತರ್ಬಿಯತ್’ನಿಂದ ಬಂದದ್ದು.

ಕೇಂದ್ರದ ‘ಸರ್ವ ಶಿಕ್ಷಾ ಅಭಿಯಾನ’ ನಮ್ಮಲ್ಲಿ ‘ಸರ್ವ ಶಿಕ್ಷಣ ಅಭಿಯಾನ’ ಆಯಿತು. 2018ರಲ್ಲಿ ಬಂದ ‘ಸಮಗ್ರ ಶಿಕ್ಷಾ’ ಕೂಡ ‘ಸಮಗ್ರ ಶಿಕ್ಷಣ ಕರ್ನಾಟಕ’ ಆಯಿತು. ಆ ‘ಣ’ ಸೇರಿಸಿದವರು ಯಾರೋ ತಿಳಿಯದು. ಎಲ್ಲರಿಗೂ ಶಿಕ್ಷೆ ಎಂಬ ಬೋರ್ಡು ಊರೂರಿನ ಶಾಲೆಯ ಗೋಡೆ ಏರದಂತೆ ತಡೆದ ಅವರ ಬಗ್ಗೆ ನನಗೆ ಗೌರವವಿದೆ.

3. ಬೇರು ಹುಡುಕಿ, ಆದರೆ ಹೋಲಿಕೆ ನೋಡಿ ನೆಂಟಸ್ತಿಕೆ ಕಟ್ಟಬೇಡಿ

ಪಾನ ಮಾಡುವ ಬಯಕೆ ಪಿಪಾಸೆ. ತಿಳಿಯುವ ಬಯಕೆ ಜಿಜ್ಞಾಸೆ. ವ್ಯಾಕರಣ ಬಲ್ಲವರು ಸನ್ನಂತ ಎನ್ನುವ ಈ ಸಾಲಿಗೇ ‘ಶಿಕ್ಷಾ’ವೂ ಸೇರುತ್ತದೆ. ಅದರ ಬೇರು ‘ಶಕ್’, ನಮ್ಮ ಶಕ್ತಿ, ಶಕ್ಯಗಳ ಬೇರು. ಶಕ್ತನಾಗಬೇಕು, ಇದು ನನ್ನಿಂದ ಆಗಬೇಕು ಎಂಬ ಬಯಕೆಯೇ ಶಿಕ್ಷಾ. ಪಾಣಿನೀಯರ ಧಾತುಪಾಠ ‘ಶಿಕ್ಷ’ವನ್ನು ಬೇರೆ ಧಾತುವಾಗಿಯೇ ಎಣಿಸಿ, ವಿದ್ಯೆ ಗಳಿಸುವುದು ಎಂಬ ಅರ್ಥ ಕೊಡುತ್ತದೆ. ಇದನ್ನು ಮೊದಲು ಓದಿದ ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಬೆತ್ತದ ನೆನಪು ತರುವ ಶಬ್ದದ ಬುಡದಲ್ಲಿ ಕಲಿಯುವವನ ಆಸೆ ಇತ್ತು.

ಆರು ವೇದಾಂಗಗಳಲ್ಲಿ ಒಂದಾದ ಶಿಕ್ಷಾ ಉಚ್ಚಾರಣೆಯ ಶಾಸ್ತ್ರ. ತೈತ್ತಿರೀಯ ಉಪನಿಷತ್ತಿನ ಶಿಕ್ಷಾವಲ್ಲಿ ಆರಂಭದಲ್ಲೇ ವರ್ಣ, ಸ್ವರ, ಮಾತ್ರೆಗಳನ್ನು ಎಣಿಸುವುದು ಅದಕ್ಕೇ. ಜೈನ ಶ್ರಾವಕರ ಹನ್ನೆರಡು ವ್ರತಗಳಲ್ಲಿ ನಾಲ್ಕಕ್ಕೆ ಶಿಕ್ಷಾವ್ರತ ಎಂದು ಹೆಸರು. ಅದು ದಂಡನೆಯಲ್ಲ, ಅಭ್ಯಾಸ.

ಹಾಗಾದರೆ ಹೊಡೆತ ಎಲ್ಲಿಂದ ಬಂತು? ‘ಶಿಷ್ಯ’ ಶಬ್ದವೂ ಇದೇ ಬಳ್ಳಿಯದೆಂದು ಸುಮಾರು ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಅಲ್ಲ. ಶಿಷ್ಯ, ಶಿಷ್ಟ, ಶಾಸ್ತ್ರ, ಶಾಸನ ಇವೆಲ್ಲ ‘ಶಾಸ್’ ಧಾತುವಿನ ಮಕ್ಕಳು. ಆ ಧಾತುವಿಗೆ ಬೋಧಿಸು, ಆಳು, ದಂಡಿಸು ಎಲ್ಲವೂ ಅರ್ಥವೇ. ‘ತಕ್ಕ ಶಾಸ್ತಿ ಆಯ್ತು’ ಎನ್ನುತ್ತೇವಲ್ಲ, ಆ ಶಾಸ್ತಿಯೂ ಅಲ್ಲಿಯದೇ. ಬಂಗಾಳಿಯಲ್ಲಿ ದಂಡನೆಗೆ ಈಗಲೂ ‘ಶಾಸ್ತಿ’ ಎಂಬುದೇ ಮಾತು. ಕಲಿಸುವುದೂ ತಿದ್ದುವುದೂ ದಂಡಿಸುವುದೂ ಅಕ್ಕಪಕ್ಕದ ಮನೆಗಳು, ಶಬ್ದಗಳು ಅಲ್ಲಿ ಓಡಾಡಿಕೊಂಡೇ ಇರುತ್ತವೆ. ನಮ್ಮ ‘ಶಿಕ್ಷಣ’ ಕೂಡ ಪೂರ್ತಿ ಪಾಠಶಾಲೆಯದಲ್ಲ. ‘ದುಷ್ಟಶಿಕ್ಷಣ, ಶಿಷ್ಟರಕ್ಷಣ’ ಎಂದಾಗ ದೇವರು ದುಷ್ಟರಿಗೆ ಅಕ್ಷರ ಕಲಿಸುತ್ತಾನೆಂದು ಯಾರೂ ತಿಳಿಯುವುದಿಲ್ಲ.

4. ಸಮುದ್ರ ದಾಟಿದ ಶಬ್ದವನ್ನೂ ನೋಡಿಬನ್ನಿ

ಇಂಡೊನೇಷಿಯಾದ ಭಾಷೆಯಲ್ಲಿ ‘ಸಿಕ್ಸಾ’ ಎಂದರೆ ಯಾತನೆ, ಚಿತ್ರಹಿಂಸೆ. ನರಕಯಾತನೆಗೂ ಅದೇ ಶಬ್ದ. ಕನ್ನಡಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಆದರೆ ಅದೇ ದೇಶದ ಪಶ್ಚಿಮ ಜಾವಾದಲ್ಲಿ, ಹಳೆಯ ಸುಂಡಾ ಭಾಷೆಯಲ್ಲಿ, 1518ರಲ್ಲಿ ಬರೆದ ‘ಸಂಗ್‌ಹ್ಯಂಗ್ ಸಿಕ್ಸಾ ಕಂಡಂಗ್ ಕರೆಸಿಯನ್’ ಎಂಬ ಗ್ರಂಥವಿದೆ. ಜನ ಹೇಗೆ ಬಾಳಬೇಕು, ಯಾವ ವಿಷಯಕ್ಕೆ ಯಾರನ್ನು ಕೇಳಬೇಕು ಎಂದು ಹೇಳುವ ಉಪದೇಶದ ಪುಸ್ತಕ ಅದು. ಅಲ್ಲಿನ ‘ಸಿಕ್ಸಾ’ ಬೋಧನೆ, ನಿಯಮ. ಅಂದರೆ ನಮ್ಮ ನೆಲ ಬಿಟ್ಟು ಹೋದಮೇಲೂ ಶಬ್ದ ಅದೇ ದಾರಿ ಹಿಡಿದಿದೆ.

ಪಾಲಿಯ ‘ಸಿಕ್ಖಾ’ ಬೌದ್ಧರ ಜೊತೆ ಹೋಯಿತು. ಥೇರವಾದಿ ಭಿಕ್ಷುಗಳ 227 ನಿಯಮಗಳಿಗೆ ಸಿಕ್ಖಾಪದ ಎನ್ನುತ್ತಾರೆ. ಥಾಯ್ ಭಾಷೆ ಸಂಸ್ಕೃತದ ರೂಪವನ್ನೂ ಪಾಲಿಯ ರೂಪವನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡಿದೆ. ‘ಸುಕ್ಸಾ’ ಎಂದರೆ ಓದು, ಅಧ್ಯಯನ. ‘ಲಾ ಸಿಕ್ಖಾ’ ಎಂದರೆ ಕಾಷಾಯ ಬಿಟ್ಟು ಸಂಸಾರಕ್ಕೆ ಮರಳುವುದು, ಸಿಕ್ಖೆಗೆ ವಿದಾಯ ಹೇಳುವುದು. ನನಗೆ ಬಹಳ ಹಿಡಿಸಿದ್ದು ಬರ್ಮೀ. ಅಲ್ಲಿ ‘ಥೈಕ್ಖಾ’ ಎಂದು ಉಚ್ಚರಿಸುವ ಅದೇ ಪಾಲಿ ಶಬ್ದಕ್ಕೆ ಮರ್ಯಾದೆ, ಘನತೆ ಎಂಬ ಅರ್ಥ ಕೂಡಿದೆ. ನಿಯಮದಲ್ಲಿ ನಡೆಯುವವನಿಗೆ ಬರುವ ಗೌರವವೇ ಶಬ್ದದ ಅರ್ಥವಾಗಿರಬೇಕು.

5. ಶಬ್ದ ನೋಡಿ ಜನರನ್ನು ಅಳೆಯಬೇಡಿ

‘ನಿಮ್ಮ ಕಡೆ ಓದೂ ಹೊಡೆತವೂ ಒಂದೇನಾ?’ ಎಂದು ಹಿಂದಿ ಗೆಳತಿಯೊಬ್ಬರು ಕೇಳಿದ್ದರು. ನನಗೆ ನೋವಾಯಿತು. ಬಂಗಾಳಿಯಲ್ಲೂ ‘ಉಚಿತ ಶಿಕ್ಷಾ’ ಕೊಡುವುದೆಂದರೆ ಸರಿಯಾಗಿ ಬುದ್ಧಿ ಕಲಿಸುವುದು ಎಂದೇ. ಹಿಂದಿಯವರು ‘ಸಬಕ್ ಸಿಖಾನಾ’ ಎನ್ನುತ್ತಾರೆ. ನನ್ನ ಅಂದಾಜು ಇಷ್ಟೇ: ಹಿಂದಿಯಲ್ಲಿ ‘ಸಜಾ’, ‘ದಂಡ’ ಎರಡೂ ಆ ಜಾಗದಲ್ಲಿ ಗಟ್ಟಿಯಾಗಿ ಕೂತಿದ್ದವು. ನಮ್ಮಲ್ಲಿ ‘ಕಲಿಕೆ’, ‘ಓದು’, ‘ವಿದ್ಯೆ’ ಈ ಜಾಗದಲ್ಲಿ ಕೂತಿದ್ದವು. ಬಂದ ಶಬ್ದ ಜಾಗ ಸಿಕ್ಕ ಕಡೆ ಕೂತಿತು.

6. ಕೆಲಸದ ಮೇಜಿನ ಮೇಲೆ

ಇಂಥ ಶಬ್ದಗಳ ರಟ್ಟಿನ ಚೀಟಿಗಳ ಕಟ್ಟೊಂದು ನನ್ನ ಬಳಿ ಇದೆ. ಉಪನ್ಯಾಸ, ಹಿಂದಿಯಲ್ಲಿ ಕಾದಂಬರಿ. ಅವಕಾಶ, ರಜೆ. ಅನುಮಾನ, ಅಂದಾಜು. ‘ಶಿಕ್ಷೆ’ಯ ಚೀಟಿ ಈಗ ನಾಲ್ಕಾಗಿದೆ. ‘ಶಿಕ್ಷಿತ’ ಎಂಬ ಪದವನ್ನು ನಾನು ಒಂಟಿಯಾಗಿ ಬಳಸುವುದೇ ಇಲ್ಲ. ಓದಿದವರಿಗೆ ‘ವಿದ್ಯಾವಂತರು’ ಎನ್ನುತ್ತೇನೆ, ಏಕೆಂದರೆ ನಮ್ಮ ಜೈಲುಗಳಲ್ಲಿ ‘ಶಿಕ್ಷಾ ಬಂದಿ’ಗಳಿದ್ದಾರೆ.

7. ಕಾಗದದ ಮೇಲಿನ ತಪ್ಪಿಗಿಂತ ಬಾಯಿಮಾತಿನ ತಪ್ಪು ಬೇಗ ತಾಗುತ್ತದೆ

ಬೆಂಗಳೂರಿನ ಹೊರವಲಯದ ಒಂದು ಸರ್ಕಾರಿ ಶಾಲೆ. ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳನ್ನು ಸೇರಿಸುವ ದಿನ ಮಾತು ದಾಟಿಸಲು ನಾನು ಹೋಗಿದ್ದೆ. ಬಿಹಾರದ ತಾಯಿಯೊಬ್ಬಳು ಏಳು ವರ್ಷದ ಮಗನ ಕೈ ಹಿಡಿದು ನಿಂತಿದ್ದಳು. ಹುಡುಗ ಹೆದರಿದ್ದ. ನಾನು ಇನ್ನೊಬ್ಬರ ಅರ್ಜಿ ತುಂಬುತ್ತಿದ್ದಾಗ ಎಚ್‌.ಎಂ. ಮೇಡಂ ಪ್ರೀತಿಯಿಂದಲೇ ಅಂದರು: “ಹೆದರ್ಬೇಡಮ್ಮ, ನಮ್ ಸ್ಕೂಲಲ್ಲಿ ಮಕ್ಳಿಗೆ ಶಿಕ್ಷೆ ಕೊಡಲ್ಲ.”

ಆ ಮಾತಿನಲ್ಲಿ ತಾಯಿಗೆ ಅರ್ಥವಾದದ್ದು ಒಂದೇ ಶಬ್ದ, ಮತ್ತು ಮೇಡಂ ಇಲ್ಲ ಎಂದು ಆಡಿಸಿದ ಕೈ. ಅವಳ ಮುಖ ಬಾಡಿತು. ಮಗನ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ತಿರುಗಿದಳು. ನಾನು ಎದ್ದು ಹೋಗಿ, ಇಲ್ಲಿ ಮಕ್ಕಳನ್ನು ಹೊಡೆಯುವುದಿಲ್ಲ ಎಂದು ಹೇಳುತ್ತಿದ್ದಾರೆ ದೀದಿ, ಎಂದು ಅವಳ ಭಾಷೆಯಲ್ಲಿ ಹೇಳಿದೆ.

“ಔರ್ ಪಢಾತೇ ಹೈಂ?” ಎಂದು ಕೇಳಿದಳು. ಓದಿಸುತ್ತಾರಾ?

ಅದನ್ನು ದಾಟಿಸಲು ನಾನು ಬೇಕಾಗಲಿಲ್ಲ. ಮೇಡಂ ದಾಖಲಾತಿ ರಿಜಿಸ್ಟರ್ ತೆರೆದು, ಪೆನ್ನಿನ ಕ್ಯಾಪ್ ತೆಗೆದು, ಹುಡುಗನನ್ನೇ ಹತ್ತಿರ ಕರೆದು ಹೆಸರು ಕೇಳಿದರು.